ಗಡಿ ದಾಟಿದರೂ ಬದಲಾಗದ ಸೊನ್ನೆ: ನೆರೆ ದೇಶಗಳ ಸಮುದ್ರ ನಕ್ಷೆಗಳಿಗೆ ಒಂದೇ ಆಧಾರ ಮಟ್ಟ ಕಟ್ಟುವ ಕ್ರಮ

ಸಮುದ್ರ ನಕ್ಷೆಯ ಮೇಲೆ ಒಂದು ಕಡೆ 9.4 ಎಂದು ಅಚ್ಚಾಗಿದ್ದರೆ, ಅಲ್ಲಿ ಯಾವಾಗಲೂ 9 ಮೀಟರ್ 40 ಸೆಂಟಿಮೀಟರ್ ನೀರಿರುತ್ತದೆ ಎಂದು ತಿಳಿಯಬಾರದು. ನಕ್ಷೆ ಮಾಡಿದವರು ಯಾವುದೋ ಒಂದು ಮಟ್ಟವನ್ನು ಸೊನ್ನೆ ಎಂದು ಇಟ್ಟುಕೊಂಡಿರುತ್ತಾರೆ. ಆ ಸೊನ್ನೆಯಿಂದ ಕೆಳಗೆ 9.4 ಮೀಟರಿಗೆ ತಳ ಸಿಗುತ್ತದೆ ಎಂಬುದಷ್ಟೇ ಆ ಅಂಕಿ ಹೇಳುವ ಮಾತು. ಈ ಸೊನ್ನೆಗೆ ಚಾರ್ಟ್ ಡೇಟಮ್ ಎನ್ನುತ್ತಾರೆ. ಒಂದೇ ಬಾವಿಯನ್ನು ಒಬ್ಬರು ಕಟ್ಟೆಯ ಮೇಲಿಂದ ಹಗ್ಗ ಬಿಟ್ಟು ಅಳೆದು, ಇನ್ನೊಬ್ಬರು ನೆಲಮಟ್ಟದಿಂದ ಅಳೆದರೆ ಇಬ್ಬರ ಲೆಕ್ಕವೂ ಸರಿಯೇ. ಆದರೆ ಒಬ್ಬರ ಅಂಕಿಯನ್ನು ಇನ್ನೊಬ್ಬರು ಹಾಗೇ ಬಳಸುವಂತಿಲ್ಲ. ಎರಡು ದೇಶಗಳ ನಡುವಿನ ನೀರಿನಲ್ಲೂ ಆಗುವುದು ಇದೇ.

ಇದನ್ನು ಸರಿಪಡಿಸುವ ಕೆಲಸ ಹೇಗೆ ನಡೆಯುತ್ತದೆ ಎಂದು ಹೆಜ್ಜೆ ಹೆಜ್ಜೆಯಾಗಿ ಬರೆಯುತ್ತಿದ್ದೇನೆ. ಜಿಯೋಮ್ಯಾಟಿಕ್ಸ್, ಸಿವಿಲ್, ಸಾಗರ ಎಂಜಿನಿಯರಿಂಗ್ ಓದುತ್ತಿರುವವರು, ಸರ್ವೆ ಕೆಲಸದಲ್ಲಿರುವವರು, ಮರ್ಚೆಂಟ್ ನೇವಿಯಲ್ಲಿ ಡೆಕ್ ಅಧಿಕಾರಿಗಳಾಗಿ ದೂರದ ಸಮುದ್ರಗಳಲ್ಲಿ ದುಡಿಯುತ್ತಿರುವ ನಮ್ಮ ಕರಾವಳಿಯ ಹುಡುಗರು ಹುಡುಗಿಯರು, ಎಲ್ಲರಿಗೂ ಇದು ಉಪಯೋಗಕ್ಕೆ ಬಂದೀತು. ಉದಾಹರಣೆಗೆ ಬಾಲ್ಟಿಕ್ ಸಮುದ್ರವನ್ನು ಆರಿಸಿಕೊಂಡಿದ್ದೇನೆ. ಡೆನ್ಮಾರ್ಕ್, ಜರ್ಮನಿ, ಪೋಲೆಂಡ್, ಲಿಥುವೇನಿಯಾ, ಲಾಟ್ವಿಯಾ, ಎಸ್ಟೋನಿಯಾ, ರಷ್ಯಾ, ಫಿನ್ಲೆಂಡ್, ಸ್ವೀಡನ್ ಎಂಬ ಒಂಬತ್ತು ದೇಶಗಳು ಆ ನೀರಿನ ದಡದಲ್ಲಿವೆ. ಅಲ್ಲಿ ಕಟ್ಟಿದ ಸಮಾನ ಮಟ್ಟಕ್ಕೆ 'ಬಾಲ್ಟಿಕ್ ಸಮುದ್ರ ಚಾರ್ಟ್ ಡೇಟಮ್ 2000' ಎಂದು ಹೆಸರು. ಇಷ್ಟು ದೇಶಗಳು ಸೇರಿ, ವರ್ಷಗಟ್ಟಲೆ ತಾಳ್ಮೆಯಿಂದ ಮಾಡಿದ ಇಂಥ ಇನ್ನೊಂದು ಕೆಲಸ ಸಿಗುವುದು ಕಷ್ಟ. ಕಲಿಯುವುದಾದರೆ ಅಲ್ಲಿಂದ ಕಲಿಯಬೇಕು.

ಮೊದಲ ಹೆಜ್ಜೆ: ನೀರಿನ ಸ್ವಭಾವ ತಿಳಿಯಿರಿ

ಉಬ್ಬರ ಇಳಿತ ದೊಡ್ಡದಾಗಿರುವ ಸಮುದ್ರಕ್ಕೂ ಚಿಕ್ಕದಾಗಿರುವ ಸಮುದ್ರಕ್ಕೂ ಒಂದೇ ಸೂತ್ರ ಹೊಂದುವುದಿಲ್ಲ. ಉಬ್ಬರ ಜೋರಾಗಿರುವ ಕಡೆ, ನೀರು ಸಾಮಾನ್ಯವಾಗಿ ಇನ್ನು ಅದಕ್ಕಿಂತ ಕೆಳಗೆ ಇಳಿಯದು ಎನ್ನುವ ಮಟ್ಟವನ್ನು ಸೊನ್ನೆಯಾಗಿ ಇಡುವುದು ರೂಢಿ. ನಕ್ಷೆಯಲ್ಲಿ ಬರೆದ ಆಳಕ್ಕಿಂತ ಕಡಿಮೆ ನೀರು ಸಿಗುವ ಸಂದರ್ಭ ಆಗ ಅಪರೂಪವಾಗುತ್ತದೆ. ಮೊನಾಕೋದಲ್ಲಿರುವ ಅಂತರರಾಷ್ಟ್ರೀಯ ಹೈಡ್ರೋಗ್ರಾಫಿಕ್ (ಸಮುದ್ರ ಸಮೀಕ್ಷೆಯ) ಸಂಸ್ಥೆ ಇಂಥ ಕಡೆಗಳಿಗೆ 'ಲೋಯೆಸ್ಟ್ ಆಸ್ಟ್ರನಾಮಿಕಲ್ ಟೈಡ್' ಎಂಬ ಮಟ್ಟವನ್ನು ಶಿಫಾರಸು ಮಾಡುತ್ತದೆ. ಚಂದ್ರ ಸೂರ್ಯರ ಸೆಳೆತದಿಂದ ನೀರು ಇಳಿಯಬಹುದಾದ ಅತಿ ಕೆಳಗಿನ ಮಟ್ಟ ಅದು. ಚಂದ್ರನ ಕಕ್ಷೆಯ ಓಲಾಟ ಸುಮಾರು 18.6 ವರ್ಷಕ್ಕೊಮ್ಮೆ ಒಂದು ಸುತ್ತು ಮುಗಿಸುತ್ತದೆ. ಹಾಗಾಗಿ ಈ ಲೆಕ್ಕವನ್ನು ಕನಿಷ್ಠ 19 ವರ್ಷಗಳ ಅವಧಿಗೆ ಹಾಕುತ್ತಾರೆ.

ಬಾಲ್ಟಿಕ್ ಹಾಗಲ್ಲ. ಡೆನ್ಮಾರ್ಕಿನ ಕಿರಿದಾದ ಜಲಸಂಧಿಗಳನ್ನು ದಾಟಿ ಉಬ್ಬರ ಒಳಗೆ ಬರುವಷ್ಟರಲ್ಲಿ ಕೆಲವು ಸೆಂಟಿಮೀಟರಿಗೆ ಇಳಿದಿರುತ್ತದೆ. ಅಲ್ಲಿ ನೀರನ್ನು ಏರಿಳಿಸುವುದು ಗಾಳಿ ಮತ್ತು ವಾಯುಭಾರ. ವಾಯುಭಾರ ಒಂದು ಹೆಕ್ಟೋಪ್ಯಾಸ್ಕಲ್ ಇಳಿದರೆ ನೀರು ಸುಮಾರು ಒಂದು ಸೆಂಟಿಮೀಟರ್ ಏರುತ್ತದೆ. ಬಿರುಗಾಳಿ ಫಿನ್ಲೆಂಡ್ ಕೊಲ್ಲಿಯ ತುದಿಗೆ ನೀರನ್ನು ನೂಕಿದಾಗ 1824ರಲ್ಲಿ ಸೇಂಟ್ ಪೀಟರ್ಸ್‌ಬರ್ಗಿನಲ್ಲಿ ನಾಲ್ಕು ಮೀಟರಿಗೂ ಮೇಲೆ ಏರಿತ್ತು. ಇಂಥ ಏರಿಳಿತ ಪಂಚಾಂಗಕ್ಕೆ ಸಿಗದು. ಆದ್ದರಿಂದ ಇಲ್ಲಿ ಸೊನ್ನೆಯನ್ನು ತೀರಾ ಕೆಳಗಿಡುವುದಕ್ಕಿಂತ ಸರಾಸರಿ ಮಟ್ಟದ ಹತ್ತಿರ ಇಟ್ಟು, ಆಯಾ ಹೊತ್ತಿನ ನೀರಿನ ಮಟ್ಟವನ್ನು ಬೇರೆಯಾಗಿ ಪ್ರಕಟಿಸುವುದೇ ವಾಡಿಕೆ. ಇದಕ್ಕೆ ಅಂತರರಾಷ್ಟ್ರೀಯ ನಿಯಮದಲ್ಲೂ ಅವಕಾಶವಿದೆ.

ಎರಡನೇ ಹೆಜ್ಜೆ: ಈಗಿರುವ ಸೊನ್ನೆಗಳನ್ನೆಲ್ಲ ಪಟ್ಟಿ ಮಾಡಿ

ಹೊಸ ಸೊನ್ನೆಯ ಮಾತು ಆಡುವ ಮುಂಚೆ ಪ್ರತಿ ದೇಶ, ಪ್ರತಿ ಬಂದರು, ಪ್ರತಿ ಹಳೆಯ ನಕ್ಷೆ ಯಾವ ಸೊನ್ನೆಯ ಮೇಲೆ ನಿಂತಿದೆ ಎಂದು ಬರೆದುಕೊಳ್ಳಬೇಕು. ಬೇಸರದ ಕೆಲಸ, ಆದರೆ ಇಲ್ಲಿ ಬಿಟ್ಟುಹೋದದ್ದು ಕೊನೆಯಲ್ಲಿ ನಕ್ಷೆಯ ಮೇಲೆ ತಪ್ಪು ಆಳವಾಗಿ ಕಾಣಿಸಿಕೊಳ್ಳುತ್ತದೆ.

ಬಾಲ್ಟಿಕ್‌ನಲ್ಲಿ ಸಿಕ್ಕ ಪಟ್ಟಿ ನೋಡಿ. ಸ್ವೀಡನ್ ಮತ್ತು ಫಿನ್ಲೆಂಡ್ ನಕ್ಷೆಗಳು ಯಾವುದೋ ಒಂದು ವರ್ಷದ ಸರಾಸರಿ ನೀರಿನ ಮಟ್ಟವನ್ನು ಹಿಡಿದಿದ್ದವು. ಸಮೀಕ್ಷೆಯ ವರ್ಷ ಬದಲಾದರೆ ಸೊನ್ನೆಯೂ ಬದಲು. ಪೂರ್ವ ದಡದಲ್ಲಿ ಕ್ರೋನ್‌ಸ್ಟಾಟ್ ಸೊನ್ನೆ ನಡೆಯುತ್ತಿತ್ತು. ಸೇಂಟ್ ಪೀಟರ್ಸ್‌ಬರ್ಗಿನ ಎದುರಿನ ದ್ವೀಪದಲ್ಲಿ 1825ರಿಂದ 1840ರವರೆಗೆ ಅಳೆದ ನೀರಿನ ಸರಾಸರಿ ಅದು. ಇನ್ನು ಜರ್ಮನಿಯ ದಡದಲ್ಲಿ ನೀರಿನ ಮಟ್ಟ ಅಳೆಯುವ ಗೇಜುಗಳ ಸೊನ್ನೆಯನ್ನು ಬೇಕೆಂದೇ ಐದು ಮೀಟರ್ ಕೆಳಗೆ ಇಟ್ಟಿದ್ದಾರೆ, ಓದುವಾಗ ಮೈನಸ್ ಅಂಕಿ ಬರಬಾರದೆಂದು. ಅಲ್ಲಿ 500 ಸೆಂಟಿಮೀಟರ್ ಎಂದರೆ ಸುಮಾರಾಗಿ ಮಾಮೂಲಿ ನೀರು. ಡೆನ್ಮಾರ್ಕಿನಲ್ಲಂತೂ ಪಶ್ಚಿಮದ ಉತ್ತರ ಸಮುದ್ರಕ್ಕೆ ಒಂದು ಲೆಕ್ಕ, ಒಳಗಿನ ನೀರಿಗೆ ಇನ್ನೊಂದು.

ನಮ್ಮಲ್ಲೂ ಸೊನ್ನೆ ಒಂದೇ ಅಲ್ಲ. ಭಾರತದ ನೆಲದ ಎತ್ತರಗಳಿಗೆ ಆಧಾರವಾದ 1909ರ ಡೇಟಮ್ ಒಂಬತ್ತು ಉಬ್ಬರ ಕೇಂದ್ರಗಳ ಸರಾಸರಿ ಸಮುದ್ರ ಮಟ್ಟವನ್ನು ಹಿಡಿದದ್ದು. ಕರಾಚಿ, ಬಾಂಬೆ, ಬೇಪೂರ್, ಕೊಚ್ಚಿ, ನಾಗಪಟ್ಟಣ, ಮದರಾಸು, ವಿಶಾಖಪಟ್ಟಣ, ಒಡಿಶಾದ ಫಾಲ್ಸ್ ಪಾಯಿಂಟ್, ಜೊತೆಗೆ ನಮ್ಮ ಕಾರವಾರ. ಆದರೆ ಡೆಹ್ರಾಡೂನಿನ ರಾಷ್ಟ್ರೀಯ ಹೈಡ್ರೋಗ್ರಾಫಿಕ್ ಕಚೇರಿ ಹೊರತರುವ ನಕ್ಷೆಗಳ ಆಳಕ್ಕೆ ಬಳಕೆಯಲ್ಲಿರುವುದು 'ಇಂಡಿಯನ್ ಸ್ಪ್ರಿಂಗ್ ಲೋ ವಾಟರ್'. ಉಬ್ಬರ ಇಳಿತವನ್ನು ಅಧ್ಯಯನ ಮಾಡಿದ ಬ್ರಿಟಿಷ್ ವಿಜ್ಞಾನಿ ಜಾರ್ಜ್ ಡಾರ್ವಿನ್ ರೂಪಿಸಿದ ಈ ಮಟ್ಟವನ್ನು ಸರಾಸರಿ ಸಮುದ್ರ ಮಟ್ಟದಿಂದ ನಾಲ್ಕು ಮುಖ್ಯ ಉಬ್ಬರ ಘಟಕಗಳ (ಚಂದ್ರ ಸೂರ್ಯರ ಸೆಳೆತದಿಂದ ಏಳುವ ಬೇರೆ ಬೇರೆ ಅಲೆಗಳ) ವೈಶಾಲ್ಯಗಳ, ಅಂದರೆ ಏರಿಳಿತದ ಅರ್ಧದಷ್ಟರ, ಮೊತ್ತವನ್ನು ಕಳೆದು ಪಡೆಯುತ್ತಾರೆ. ಉಬ್ಬರ ದೊಡ್ಡದಿರುವ ಭಾವನಗರದಲ್ಲಿ ಈ ಸೊನ್ನೆ ಸರಾಸರಿ ಮಟ್ಟದಿಂದ ಹಲವು ಮೀಟರ್ ಕೆಳಗೆ, ಕಾರವಾರ ಮಂಗಳೂರುಗಳಲ್ಲಿ ಅಷ್ಟು ಕೆಳಗಿಲ್ಲ. ಅಂದರೆ ಬಂದರಿನ ಧಕ್ಕೆಯ ಎತ್ತರಕ್ಕೂ ಅದರ ಮುಂದಿನ ಕಾಲುವೆಯ ಆಳಕ್ಕೂ ಬೇರೆ ಬೇರೆ ಸೊನ್ನೆ. ಬಂದರಿನಲ್ಲಿ ಕೆಲಸ ಮಾಡುವವರು ಈ ಎರಡರ ಅಂತರವನ್ನು ಬಾಯಿಪಾಠ ಮಾಡಿಕೊಂಡಿರುತ್ತಾರೆ.

ಪಟ್ಟಿಯಲ್ಲಿ ಪ್ರತಿ ಸೊನ್ನೆಗೂ ನಾಲ್ಕು ವಿವರ ಇರಲಿ: ಅದು ಯಾವ ಬೆಂಚ್ ಮಾರ್ಕಿಗೆ (ಎತ್ತರ ಗೊತ್ತಿರುವ, ನೆಲದಲ್ಲಿ ನೆಟ್ಟ ಗುರುತಿಗೆ) ಕಟ್ಟಿದೆ, ಯಾವ ವರ್ಷದ್ದು, ಯಾವ ನಕ್ಷೆಗಳು ಅದನ್ನು ಬಳಸುತ್ತವೆ, ಮತ್ತು ಯಾವ ಗೇಜು ಆ ಲೆಕ್ಕದಲ್ಲಿ ಓದು ಕೊಡುತ್ತದೆ.

ಮೂರನೇ ಹೆಜ್ಜೆ: ಹೊಸ ಸೊನ್ನೆಯ ವ್ಯಾಖ್ಯೆ ಬರೆಯಿರಿ

ಇಡೀ ಕೆಲಸದ ಜೀವ ಇಲ್ಲಿದೆ. ಎಲ್ಲರಿಗೂ ಮೊದಲು ಹೊಳೆಯುವುದು 'ಸರಾಸರಿ ಸಮುದ್ರ ಮಟ್ಟವನ್ನೇ ಹಿಡಿದರಾಯಿತು' ಎಂಬ ಮಾತು. ಆದರೆ ಸರಾಸರಿ ಸಮುದ್ರ ಮಟ್ಟ ಮಟ್ಟಸವಾಗಿಲ್ಲ.

ಬಾಲ್ಟಿಕ್‌ಗೆ ನೂರಾರು ನದಿಗಳು ಸಿಹಿನೀರು ತಂದು ಸುರಿಯುತ್ತವೆ. ಉತ್ತರದ ಬೋತ್ನಿಯಾ ಕೊಲ್ಲಿಯಲ್ಲಿ ನೀರು ಹೆಚ್ಚುಕಡಿಮೆ ಸಪ್ಪೆ, ಡೆನ್ಮಾರ್ಕಿನ ಕಡೆ ಉಪ್ಪು ಜಾಸ್ತಿ. ಸಪ್ಪೆ ನೀರು ಹಗುರ, ಹಾಗಾಗಿ ಅದು ತುಸು ಎತ್ತರಕ್ಕೆ ನಿಲ್ಲುತ್ತದೆ. ಪಡುವಣ ಗಾಳಿಯ ನೂಕೂ ಸೇರಿ, ಡೆನ್ಮಾರ್ಕಿನ ಆಚೆಯ ಉಪ್ಪುನೀರಿಗೆ ಹೋಲಿಸಿದರೆ ಬೋತ್ನಿಯಾ ಕೊಲ್ಲಿಯ ತುದಿಯ ಸರಾಸರಿ ಮಟ್ಟ ಮೂವತ್ತು ನಲವತ್ತು ಸೆಂಟಿಮೀಟರಿನಷ್ಟು ಮೇಲಿದೆ. ಪ್ರತಿಯೊಬ್ಬರೂ ತಮ್ಮ ತಮ್ಮ ಸರಾಸರಿಯನ್ನು ಸೊನ್ನೆ ಎಂದರೆ, ಆ ಇಳಿಜಾರು ನಕ್ಷೆಯೊಳಗೆ ಅಡಗಿ ಕೂರುತ್ತದೆ.

ಸಾಲದ್ದಕ್ಕೆ ಅಲ್ಲಿ ನೆಲವೇ ಏಳುತ್ತಿದೆ. ಹಿಮಯುಗದಲ್ಲಿ ಕಿಲೋಮೀಟರುಗಟ್ಟಲೆ ದಪ್ಪದ ಮಂಜಿನ ಹೊರೆ ಅದುಮಿದ್ದ ನೆಲ ಈಗಲೂ ಮೇಲೇಳುತ್ತಿದೆ, ಬೋತ್ನಿಯಾ ಕೊಲ್ಲಿಯ ಸುತ್ತ ವರ್ಷಕ್ಕೆ ಸುಮಾರು ಒಂದು ಸೆಂಟಿಮೀಟರ್. ಉಷ್ಣಮಾಪಕದಿಂದ ಹೆಸರಾದ ಆಂಡರ್ಸ್ ಸೆಲ್ಸಿಯಸ್ 1731ರಲ್ಲಿ ಸ್ವೀಡನ್ನಿನ ಯೆವ್ಲೆ ಬಳಿಯ ಲೋವ್‌ಗ್ರುಂಡ್ ದ್ವೀಪದ ಬಂಡೆಯೊಂದರಲ್ಲಿ ನೀರಿನ ಮಟ್ಟ ಕೊರೆಸಿದ. ಸಮುದ್ರ ಇಳಿಯುತ್ತಿದೆ ಎಂದು ಅವನು ತಿಳಿದಿದ್ದ, ಏಳುತ್ತಿದ್ದದ್ದು ಬಂಡೆ. ಇಂಥ ಕಡೆ 'ಸರಾಸರಿ ಮಟ್ಟ' ಎನ್ನುವವರು ಯಾವ ವರ್ಷದ್ದು ಎಂದೂ ಹೇಳಬೇಕು. ಇಪ್ಪತ್ತೈದು ವರ್ಷ ಹಳೆಯ ಸರಾಸರಿ ಬೋತ್ನಿಯಾದಲ್ಲಿ ಒಂದು ಗೇಣಿನಷ್ಟು ತಪ್ಪಿರುತ್ತದೆ.

ಹಾಗಾಗಿ ಬಾಲ್ಟಿಕ್‌ನವರು ನೀರನ್ನು ಬಿಟ್ಟು ಗುರುತ್ವವನ್ನು ಹಿಡಿದರು. ಗಾಳಿಯಿಲ್ಲ, ಉಪ್ಪಿನ ವ್ಯತ್ಯಾಸವಿಲ್ಲ, ಉಬ್ಬರವಿಲ್ಲ ಎಂದುಕೊಂಡರೆ ನೀರು ಎತ್ತಲೂ ಹರಿಯದೆ ನಿಲ್ಲುವ ಒಂದು ಮೇಲ್ಮೈ ಇರುತ್ತದಲ್ಲ, ಅದೇ ಸೊನ್ನೆ. ಅದಕ್ಕೆ ಸಮಾನ ಗುರುತ್ವ ವಿಭವದ ಮೇಲ್ಮೈ ಎನ್ನಬಹುದು. ಸಮುದ್ರ ಮಟ್ಟಕ್ಕೆ ಹತ್ತಿರವಿರುವ ಅಂಥ ಮೇಲ್ಮೈಯೇ ಜಿಯಾಯ್ಡ್. ಇಂಥ ಮೇಲ್ಮೈಗಳು ಎಷ್ಟೋ ಇರುವುದರಿಂದ ಅವುಗಳಲ್ಲಿ ಒಂದನ್ನು ಆರಿಸಬೇಕು. ಯುರೋಪಿನ ಸಮಾನ ಎತ್ತರ ವ್ಯವಸ್ಥೆ ಮೊದಲೇ ಆಮ್‌ಸ್ಟರ್‌ಡ್ಯಾಮಿನ ಹಳೆಯ ಸೊನ್ನೆಯ ಮೂಲಕ ಹಾದುಹೋಗುವ ಮೇಲ್ಮೈಯನ್ನು ಆರಿಸಿತ್ತು. ಬಾಲ್ಟಿಕ್ ಅದನ್ನೇ ಒಪ್ಪಿಕೊಂಡಿತು. ನೆಲ ಏಳುವುದರ ಲೆಕ್ಕವನ್ನು 2000ನೇ ಇಸವಿಗೆ ನಿಲ್ಲಿಸಿದರು. ಹೆಸರಿನಲ್ಲಿರುವ 2000 ಅದೇ.

ಈ ಆಯ್ಕೆ ನನಗೆ ಬಹಳ ಮೆಚ್ಚುಗೆಯಾದದ್ದಕ್ಕೆ ಕಾರಣವಿದೆ. ನೆಲದ ನಕ್ಷೆಗೂ ನೀರಿನ ನಕ್ಷೆಗೂ ಒಂದೇ ಸೊನ್ನೆ ಬಂತು. ಸೇತುವೆ ಕಟ್ಟುವವರು, ಪ್ರವಾಹ ಲೆಕ್ಕ ಹಾಕುವವರು, ಬಂದರು ಅಗೆಯುವವರು, ಹಡಗು ನಡೆಸುವವರು ಒಂದೇ ಅಂಕಿಯಲ್ಲಿ ಮಾತಾಡಬಹುದು. ಯಾವ ದೇಶವೂ ನೆರೆಯವರ ಸೊನ್ನೆಗೆ ತಲೆಬಾಗಿದಂತೆಯೂ ಆಗಲಿಲ್ಲ.

ವ್ಯಾಖ್ಯೆಯಲ್ಲಿ ಇನ್ನೊಂದು ಸೂಕ್ಷ್ಮ ಬರೆಯಲೇಬೇಕು. ಚಂದ್ರ ಸೂರ್ಯರು ಭೂಮಿಯನ್ನು ಸದಾ ಒಂದಿಷ್ಟು ಎಳೆದೇ ಇಟ್ಟಿರುತ್ತಾರೆ. ಈ ಶಾಶ್ವತ ಸೆಳೆತವನ್ನು ಲೆಕ್ಕಕ್ಕೆ ಸೇರಿಸುವ ಪದ್ಧತಿಯೂ ಇದೆ, ಬಿಡುವ ಪದ್ಧತಿಯೂ ಇದೆ. ಯುರೋಪಿನ ಎತ್ತರ ವ್ಯವಸ್ಥೆ ಒಂದನ್ನು ಪಾಲಿಸಿದರೆ ಉಪಗ್ರಹದಿಂದ ಬರುವ ಸ್ಥಾನಾಂಕಗಳು ಇನ್ನೊಂದನ್ನು ಪಾಲಿಸುತ್ತವೆ. ಬೆರೆಸಿದರೆ ಕೆಲವು ಸೆಂಟಿಮೀಟರ್ ಜಾರುತ್ತದೆ.

ನಾಲ್ಕನೇ ಹೆಜ್ಜೆ: ನೆಲದ ಮೇಲೆ ಜೋಡಿಸಿ

ವ್ಯಾಖ್ಯೆ ಕಾಗದದ ಮೇಲಿದ್ದರೆ ಸಾಲದು, ಬಂಡೆಗೆ ಹೊಡೆದ ಹಿತ್ತಾಳೆಯ ಮೊಳೆಯ ಮೇಲೆ ಅದರ ಅಂಕಿ ಇರಬೇಕು. ಇದಕ್ಕೆ ಹಳೆಯ ಲೆವೆಲಿಂಗ್ ಕೆಲಸವೇ ಗತಿ: ಎರಡು ಸ್ಟಾಫ್ (ಅಳತೆಗೋಲು), ನಡುವೆ ಮಟ್ಟ ನೋಡುವ ಉಪಕರಣ, ಹೆಜ್ಜೆ ಹೆಜ್ಜೆಯಾಗಿ ಸಾವಿರಾರು ಕಿಲೋಮೀಟರ್. ಸ್ವೀಡನ್ ತನ್ನ ಮೂರನೆಯ ಸೂಕ್ಷ್ಮ ಲೆವೆಲಿಂಗನ್ನು 1979ರಿಂದ 2003ರವರೆಗೆ ನಡೆಸಿತು, ಫಿನ್ಲೆಂಡ್ 1978ರಿಂದ 2006ರವರೆಗೆ. ನೆರೆದೇಶಗಳ ಲೆವೆಲಿಂಗ್ ಸಾಲುಗಳನ್ನೆಲ್ಲ ಸೇರಿಸಿ ಬಾಲ್ಟಿಕ್ ಸುತ್ತ ಉಂಗುರದಂತೆ ಒಂದೇ ಲೆಕ್ಕ ಮಾಡಿದರು. ಅದರಿಂದ ಸ್ವೀಡನ್ನಿನ ಆರ್‌ಎಚ್ 2000, ಫಿನ್ಲೆಂಡಿನ ಎನ್2000 ಎಂಬ ಎತ್ತರ ವ್ಯವಸ್ಥೆಗಳು ಹುಟ್ಟಿದವು. ಎರಡು ದೇಶಗಳ ಗಡಿಯಲ್ಲಿ ಇವೆರಡರ ವ್ಯತ್ಯಾಸ ಈಗ ಮಿಲಿಮೀಟರುಗಳಲ್ಲಿದೆ.

ಗಡಿ ದಾಟುವ ಲೆವೆಲಿಂಗ್ ಸಾಲುಗಳು ಎಷ್ಟಿದ್ದರೂ ಹೆಚ್ಚಲ್ಲ. ಎರಡೂ ಕಡೆಯವರು ಒಂದೇ ಬೆಂಚ್ ಮಾರ್ಕನ್ನು ಅಳೆದು, ಅಂಕಿಗಳನ್ನು ಮುಚ್ಚುಮರೆಯಿಲ್ಲದೆ ಕೊಟ್ಟು ತೆಗೆದುಕೊಳ್ಳಬೇಕು. ನೀರು ಅಡ್ಡ ಬಂದ ಕಡೆ ಉಪಗ್ರಹ ಮಾಪನ ಮತ್ತು ಗುರುತ್ವದ ಸಹಾಯ ಬೇಕು. ಪ್ರತಿ ಟೈಡ್ ಗೇಜಿನ ಬೆಂಚ್ ಮಾರ್ಕಿನ ಮೇಲೂ ಹೊಸ ಎತ್ತರ ಬರೆಸಿ. ಗೇಜಿನ ಪಕ್ಕದಲ್ಲೇ ಸದಾ ಓದುವ ಉಪಗ್ರಹ ರಿಸೀವರ್ ಇದ್ದರೆ ನೆಲ ಏಳುವುದೂ ಕುಸಿಯುವುದೂ ಗೊತ್ತಾಗುತ್ತಿರುತ್ತದೆ.

ಐದನೇ ಹೆಜ್ಜೆ: ನಡುನೀರಿಗೆ ಸೊನ್ನೆಯನ್ನು ಒಯ್ಯಿರಿ

ದಡದಿಂದ ಐವತ್ತು ಕಿಲೋಮೀಟರ್ ದೂರದಲ್ಲಿ ಬೆಂಚ್ ಮಾರ್ಕ್ ಇಲ್ಲ. ಹಳೆಯ ಸಮೀಕ್ಷೆಯಲ್ಲಿ ದಡದ ಗೇಜಿನ ಓದನ್ನು ನಡುನೀರಿಗೂ ಅಂದಾಜಿನಿಂದ ಅನ್ವಯಿಸುತ್ತಿದ್ದರು. ಗಾಳಿ ನೀರನ್ನು ಒಂದು ಕಡೆ ಒತ್ತಿದ್ದ ದಿನ ಆ ಅಂದಾಜು ಕೈಕೊಡುತ್ತಿತ್ತು. ಇಂದಿನ ದಾರಿ ಬೇರೆ: ಉಪಗ್ರಹ ಸ್ಥಾನ ಮತ್ತು ಜಿಯಾಯ್ಡ್ ಮಾದರಿ.

ಉಪಗ್ರಹ ಕೊಡುವ ಎತ್ತರ ಎಲಿಪ್ಸಾಯ್ಡ್ ಎಂಬ ಗಣಿತದ ನಯವಾದ ಮೇಲ್ಮೈಯಿಂದ. ಜಿಯಾಯ್ಡ್ ಅದರಿಂದ ಎಷ್ಟು ಮೇಲೆ ಕೆಳಗೆ ಇದೆ ಎಂಬುದು ಜಾಗದಿಂದ ಜಾಗಕ್ಕೆ ಬದಲಾಗುತ್ತದೆ. ಫಿನ್ಲೆಂಡಿನ ದಕ್ಷಿಣ ತೀರದಲ್ಲಿ ಅದು ಸುಮಾರು ಇಪ್ಪತ್ತು ಮೀಟರಿನ ಆಸುಪಾಸು ಮೇಲೆ. ನಮ್ಮ ಮಂಗಳೂರಿನ ಸುತ್ತ ಎಂಬತ್ತು ಮೀಟರಿಗೂ ಹೆಚ್ಚು ಕೆಳಗೆ, ಏಕೆಂದರೆ ಹಿಂದೂ ಮಹಾಸಾಗರದ ಈ ಭಾಗದಲ್ಲಿ ಗುರುತ್ವ ತುಸು ಕಡಿಮೆ.

ಒಂದು ಲೆಕ್ಕ ಮಾಡಿ ನೋಡೋಣ, ಅಂಕಿಗಳು ಉದಾಹರಣೆಗಷ್ಟೇ. ಸಮೀಕ್ಷಾ ಹಡಗಿನ ಆಂಟೆನಾ ಎಲಿಪ್ಸಾಯ್ಡ್‌ನಿಂದ 32.40 ಮೀಟರ್ ಮೇಲಿದೆ. ಆ ಜಾಗದಲ್ಲಿ ಜಿಯಾಯ್ಡ್ 18.10 ಮೀಟರ್ ಮೇಲಿದೆ. ಕಳೆದರೆ ಆಂಟೆನಾ ನಮ್ಮ ಸೊನ್ನೆಯಿಂದ 14.30 ಮೀಟರ್ ಮೇಲೆ. ಆಂಟೆನಾದಿಂದ ಹಡಗಿನ ಅಡಿಯಲ್ಲಿ ಶಬ್ದ ಕಳಿಸಿ ಆಳ ಅಳೆಯುವ ಎಕೋಸೌಂಡರಿನ ಮುಖಕ್ಕೆ 16.00 ಮೀಟರ್, ಹಾಗಾದರೆ ಆ ಮುಖ ಸೊನ್ನೆಯಿಂದ 1.70 ಮೀಟರ್ ಕೆಳಗೆ. ಎಕೋಸೌಂಡರ್ ತಳಕ್ಕೆ 8.25 ಮೀಟರ್ ಎಂದು ಹೇಳಿತು. ಕೂಡಿದರೆ ತಳ ಸೊನ್ನೆಯಿಂದ 9.95 ಮೀಟರ್ ಕೆಳಗೆ. ಈ ಇಡೀ ಲೆಕ್ಕದಲ್ಲಿ ಆ ದಿನದ ನೀರಿನ ಮಟ್ಟ ಎಲ್ಲೂ ಬರಲಿಲ್ಲ. ಅಲೆ ಎದ್ದರೂ, ಗಾಳಿ ನೀರನ್ನು ಏರಿಸಿದರೂ ಆಂಟೆನಾವೂ ಜೊತೆಗೇ ಏರುತ್ತದೆ, ಉತ್ತರ ಅದೇ ಬರುತ್ತದೆ. ಈ ಅನುಕೂಲಕ್ಕಾಗಿಯೇ ಇಷ್ಟೆಲ್ಲ ಶ್ರಮ.

ಆದರೆ ಜಿಯಾಯ್ಡ್ ಮಾದರಿಯಲ್ಲಿ ಹತ್ತು ಸೆಂಟಿಮೀಟರ್ ತಪ್ಪಿದ್ದರೆ ತಳವೂ ಹತ್ತು ಸೆಂಟಿಮೀಟರ್ ತಪ್ಪುತ್ತದೆ. ಮಾದರಿ ಚೆನ್ನಾಗಿರಬೇಕಾದರೆ ಸಮುದ್ರದ ಮೇಲೆ ಗುರುತ್ವ ಅಳೆದಿರಬೇಕು. 2001ರ ಮಾರ್ಚ್‌ನಲ್ಲಿ 'ಬಾಲ್ಟಿಕ್ ಕ್ಯಾರಿಯರ್' ಎಂಬ ತೈಲದ ಹಡಗು ಇನ್ನೊಂದು ಹಡಗಿಗೆ ಡಿಕ್ಕಿಯಾಗಿ ಸಾವಿರಾರು ಟನ್ ತೈಲ ಡೆನ್ಮಾರ್ಕಿನ ನೀರಿಗೆ ಹರಿದಿತ್ತು. ಅದೇ ವರ್ಷ ಸೆಪ್ಟೆಂಬರಿನಲ್ಲಿ ಕೋಪನ್‌ಹೇಗನ್ನಿನಲ್ಲಿ ಸೇರಿದ ಬಾಲ್ಟಿಕ್ ದೇಶಗಳ ಸಚಿವರು ಮುಖ್ಯ ಹಡಗು ಮಾರ್ಗಗಳನ್ನೆಲ್ಲ ಹೊಸದಾಗಿ ಸಮೀಕ್ಷೆ ಮಾಡಲು ಒಪ್ಪಿದರು. ಆ ಸಮೀಕ್ಷೆಯ ಮುಂದುವರಿಕೆಯಾಗಿ ಯುರೋಪಿಯನ್ ಒಕ್ಕೂಟದ ನೆರವಿನಿಂದ ನಡೆದ 'ಫೇಮೋಸ್' ಯೋಜನೆಯಲ್ಲಿ ಹಡಗುಗಳಲ್ಲಿ ಗುರುತ್ವಮಾಪಕ ಇಟ್ಟು, ಅಂಕಿ ಸಿಗದ ಕಡೆಗಳನ್ನೆಲ್ಲ ಸುತ್ತಿದರು. ಇಡೀ ಬಾಲ್ಟಿಕ್‌ನಲ್ಲಿ ಜಿಯಾಯ್ಡ್ ಸುಮಾರು ಐದು ಸೆಂಟಿಮೀಟರಿನೊಳಗೆ ಸರಿಯಿರಬೇಕು ಎಂಬುದು ಗುರಿ. ದೇಶಕ್ಕೊಂದು ಜಿಯಾಯ್ಡ್ ಮಾಡಿಕೊಳ್ಳಲು ಬಿಡಬೇಡಿ. ಗಡಿಯಲ್ಲಿ ಅವು ಸೇರುವುದಿಲ್ಲ.

ಉಬ್ಬರದ ಸಮುದ್ರವಾದರೆ ಈ ಹೆಜ್ಜೆಯಲ್ಲಿ ಒಂದು ಪದರ ಹೆಚ್ಚು. ಜಿಯಾಯ್ಡ್‌ನ ಕೆಳಗೆ ಇಳಿತದ ಮಟ್ಟದ ಇನ್ನೊಂದು ಮೇಲ್ಮೈ ಕಟ್ಟಬೇಕು. ಬ್ರಿಟನ್ ಮತ್ತು ಫ್ರಾನ್ಸ್ ತಮ್ಮ ತೀರಗಳಿಗೆ ಇಂಥ ಮೇಲ್ಮೈಗಳನ್ನು ಸಿದ್ಧಪಡಿಸಿಕೊಂಡಿವೆ. ಎರಡು ದೇಶಗಳು ಬೇರೆ ಬೇರೆ ಉಬ್ಬರ ಮಾದರಿ, ಬೇರೆ ಬೇರೆ ಅವಧಿಯ ಅಂಕಿ ಬಳಸಿದರೆ ಹೆಸರು ಒಂದೇ ಇದ್ದರೂ ಸೊನ್ನೆ ಬೇರೆಯಾಗುತ್ತದೆ. ಹೆಸರು ಒಂದಾಗಿದ್ದು ಸೊನ್ನೆ ಎರಡಾಗಿರುವುದು, ಹೆಸರೇ ಬೇರೆ ಇರುವುದಕ್ಕಿಂತ ಅಪಾಯ.

ಆರನೇ ಹೆಜ್ಜೆ: ಅಂತರ ಎಷ್ಟು, ಯಾವ ಕಡೆಗೆ

ಈಗ ಹಳೆಯ ಪ್ರತಿ ಸೊನ್ನೆಗೂ ಹೊಸದಕ್ಕೂ ಇರುವ ಅಂತರದ ಕೋಷ್ಟಕ ಮಾಡಬೇಕು. ಒಂದೇ ಅಂಕಿ ಇಡೀ ತೀರಕ್ಕೆ ಸಾಲುವುದಿಲ್ಲ. ಎಸ್ಟೋನಿಯಾ 2018ರಲ್ಲಿ ಕ್ರೋನ್‌ಸ್ಟಾಟ್ ಸೊನ್ನೆಯನ್ನು ಬಿಟ್ಟು ಇಎಚ್2000 ಎಂಬ ತನ್ನ ಹೊಸ ಎತ್ತರ ವ್ಯವಸ್ಥೆಗೆ ಬಂದಾಗ ಸ್ಥಳಕ್ಕೆ ತಕ್ಕಂತೆ ಎತ್ತರಗಳು ಸುಮಾರು 15ರಿಂದ 25 ಸೆಂಟಿಮೀಟರಿನಷ್ಟು ಹೆಚ್ಚಾದವು. ಹೊಸ ಸೊನ್ನೆ ಕೆಳಗಿದೆ, ಅದಕ್ಕೆ ನೆಲದ ಎತ್ತರ ಹೆಚ್ಚುತ್ತದೆ, ನೀರಿನ ಆಳ ಕಡಿಮೆಯಾಗುತ್ತದೆ.

ಕೂಡಬೇಕೋ ಕಳೆಯಬೇಕೋ ಎಂಬಲ್ಲಿ ಎಡವಿದವರು ದೊಡ್ಡವರೇ. ಜರ್ಮನಿ ಮತ್ತು ಸ್ವಿಟ್ಜರ್ಲೆಂಡ್ ನಡುವೆ ರೈನ್ ನದಿಗೆ ಲಾಫೆನ್‌ಬುರ್ಗಿನಲ್ಲಿ ಸೇತುವೆ ಕಟ್ಟುವಾಗ, ಎರಡು ದೇಶಗಳ ಸೊನ್ನೆಗೆ 27 ಸೆಂಟಿಮೀಟರ್ ಅಂತರ ಇದೆ ಎಂದು ಎಲ್ಲರಿಗೂ ಗೊತ್ತಿತ್ತು. ಅದನ್ನು ಲೆಕ್ಕಕ್ಕೂ ತೆಗೆದುಕೊಂಡಿದ್ದರು. ಆದರೆ ಚಿಹ್ನೆ ಅದಲುಬದಲಾಗಿ, 2003ರಲ್ಲಿ ಎರಡು ದಡದ ಕೆಲಸಕ್ಕೆ 54 ಸೆಂಟಿಮೀಟರ್ ಅಂತರ ಬಿದ್ದದ್ದು ಗೊತ್ತಾಯಿತು. ನೆಲದ ಮೇಲಾದ್ದರಿಂದ ಕಣ್ಣಿಗೆ ಕಂಡಿತು, ಸರಿಪಡಿಸಿದರು. ನೀರಿನ ಅಡಿಯ ಬಂಡೆಯಾಗಿದ್ದರೆ ಹಡಗಿನ ತಳಕ್ಕೆ ತಾಗುವವರೆಗೂ ಗೊತ್ತಾಗುತ್ತಿರಲಿಲ್ಲ.

ಆದ್ದರಿಂದ ಕೋಷ್ಟಕದಲ್ಲಿ ಬರೇ '+18' ಎಂದು ಬರೆಯಬೇಡಿ. 'ಹಳೆಯ ಸೊನ್ನೆ ಹೊಸ ಸೊನ್ನೆಗಿಂತ 18 ಸೆಂ.ಮೀ. ಮೇಲಿದೆ. ಹಳೆಯ ಆಳದಿಂದ 18 ಕಳೆಯಿರಿ. ಹಳೆಯ ನೀರಿನ ಮಟ್ಟಕ್ಕೆ 18 ಕೂಡಿ' ಎಂದು ಪೂರ್ತಿ ವಾಕ್ಯದಲ್ಲಿ ಬರೆಯಿರಿ. ಪಕ್ಕದಲ್ಲಿ ಒಂದು ಚಿತ್ರ ಇರಲಿ. ಆಮೇಲೆ ಎರಡೂ ದೇಶದ ತಂಡಗಳು ಪರಸ್ಪರರ ಒಂದೊಂದು ಬಂದರಿನ ಲೆಕ್ಕವನ್ನು ತಾವೇ ಮಾಡಿ ಉತ್ತರ ತಾಳೆ ನೋಡಲಿ.

ಏಳನೇ ಹೆಜ್ಜೆ: ನಕ್ಷೆಗಳನ್ನು ಹೊಸದಾಗಿಸಿ

ಅಂಕಿ ಬದಲಿಸಿದರೆ ಕೆಲಸ ಮುಗಿಯಲಿಲ್ಲ. ಹಳೆಯ 10.0 ಮೀಟರ್ ಹೊಸ ಲೆಕ್ಕದಲ್ಲಿ 9.82 ಆಯಿತು ಎನ್ನಿ. ನಕ್ಷೆಯಲ್ಲಿ ಅದು 9.8. ಆಳವನ್ನು ಯಾವಾಗಲೂ ಕಡಿಮೆಯ ಕಡೆಗೇ ಇಳಿಸಬೇಕು, 9.86 ಆಗಿದ್ದರೂ 9.8 ಎಂದೇ ಬರೆಯಬೇಕು. ಈಗ ಆ ಜಾಗ ಹತ್ತು ಮೀಟರಿನ ಆಳರೇಖೆಯ (ಹತ್ತು ಮೀಟರ್ ಆಳದ ಜಾಗಗಳನ್ನು ಸೇರಿಸುವ ಗೆರೆಯ) ಒಳಗೆ, ಅಂದರೆ ಕಡಿಮೆ ನೀರಿನ ಕಡೆಗೆ ಬಂತು. ರೇಖೆಯನ್ನೂ ಸರಿಸಬೇಕು. ಎಲೆಕ್ಟ್ರಾನಿಕ್ ನಕ್ಷೆಯಲ್ಲಿ ಎಚ್ಚರಿಕೆಯ ಗಂಟೆ ಹೊಡೆಯುವುದು ಇದೇ ರೇಖೆಯನ್ನು ನೋಡಿ. ಮೂಲ ಸಮೀಕ್ಷೆಯ ಅಂಕಿಗಳು ಇದ್ದ ಕಡೆ ಅವುಗಳಿಂದಲೇ ಹೊಸ ರೇಖೆ ಎಳೆಯಿರಿ. ಹಳೆಯ ನಕ್ಷೆಯ ರೇಖೆಗಳನ್ನು ಅಂದಾಜಿಗೆ ಜರುಗಿಸುವುದು ಕೊನೆಯ ಉಪಾಯ. ಸೇತುವೆ ಮತ್ತು ವಿದ್ಯುತ್ ತಂತಿಗಳ ಕೆಳಗಿನ ಎತ್ತರ, ಕಾಲುವೆಗೆ ಅನುಮತಿಸಿದ ಡ್ರಾಫ್ಟ್ (ಹಡಗು ನೀರಿನೊಳಗೆ ಇಳಿದಿರುವ ಆಳ), ನೀರಿನಲ್ಲಿ ಮುಳುಗಿ ಏಳುವ ಬಂಡೆಯ ಗುರುತು, ಎಲ್ಲವನ್ನೂ ಮತ್ತೆ ನೋಡಬೇಕು.

ನಕ್ಷೆಯ ಶೀರ್ಷಿಕೆಯಲ್ಲೂ, ಎಲೆಕ್ಟ್ರಾನಿಕ್ ನಕ್ಷೆಯ ದತ್ತಾಂಶದಲ್ಲೂ ಡೇಟಮ್ಮಿನ ಹೆಸರು ಸ್ಪಷ್ಟವಾಗಿರಲಿ. ಅಂತರರಾಷ್ಟ್ರೀಯ ಪಟ್ಟಿಯಲ್ಲಿ ಬಾಲ್ಟಿಕ್ ಡೇಟಮ್ಮಿಗೆ 44 ಎಂಬ ಪ್ರತ್ಯೇಕ ಸಂಖ್ಯೆಯೇ ಇದೆ.

ಎಂಟನೇ ಹೆಜ್ಜೆ: ನಕ್ಷೆ ಮತ್ತು ನೀರಿನ ಮಟ್ಟದ ಸುದ್ದಿ ಒಟ್ಟಿಗೆ ಬದಲಾಗಲಿ

ನನ್ನ ಪ್ರಕಾರ ಅತಿ ಹೆಚ್ಚು ಅಪಾಯ ಇರುವುದು ಈ ಬದಲಾವಣೆಯ ನಡುವಿನ ವರ್ಷಗಳಲ್ಲಿ. ಒಂದು ದೇಶದ ಎಲ್ಲ ನಕ್ಷೆಗಳನ್ನು ಒಂದೇ ದಿನ ಬದಲಿಸಲು ಆಗುವುದಿಲ್ಲ. ಫಿನ್ಲೆಂಡ್ 2021ರಿಂದ ಪ್ರದೇಶ ಪ್ರದೇಶವಾಗಿ ಹೊಸ ಮಟ್ಟದ ನಕ್ಷೆಗಳನ್ನು ತರುತ್ತಾ ಬಂತು. ಆ ಅವಧಿಯಲ್ಲಿ ಒಂದೇ ಹಡಗಿನಲ್ಲಿ ಎರಡು ಸೊನ್ನೆಯ ನಕ್ಷೆಗಳು ಇರುತ್ತವೆ.

ಏನಾಗಬಹುದು ನೋಡಿ. ಮೇಲಿನ ಉದಾಹರಣೆಯನ್ನೇ ಹಿಡಿಯೋಣ: ಹಳೆಯ ನಕ್ಷೆಯಲ್ಲಿ ಆಳ 10.00, ಹಳೆಯ ಲೆಕ್ಕದಲ್ಲಿ ಇಂದಿನ ನೀರಿನ ಮಟ್ಟ 10 ಸೆಂಟಿಮೀಟರ್ ಮೇಲೆ. ಒಟ್ಟು ನೀರು 10.10. ಹೊಸ ನಕ್ಷೆಯಲ್ಲಿ ಆಳ 9.82, ಹೊಸ ಲೆಕ್ಕದಲ್ಲಿ ನೀರಿನ ಮಟ್ಟ 28 ಸೆಂಟಿಮೀಟರ್ ಮೇಲೆ. ಒಟ್ಟು ಅದೇ 10.10. ನೀರು ಒಂದು ಹನಿಯೂ ಬದಲಾಗಿಲ್ಲ. ಆದರೆ ಹಳೆಯ ನಕ್ಷೆ ಇಟ್ಟುಕೊಂಡವರು ಹೊಸ ಲೆಕ್ಕದ ನೀರಿನ ಮಟ್ಟ ಕೇಳಿ ಕೂಡಿದರೆ 10.28 ಬರುತ್ತದೆ. ಇಲ್ಲದ 18 ಸೆಂಟಿಮೀಟರ್ ನೀರನ್ನು ಇದೆ ಎಂದು ನಂಬಿ ಹಡಗು ನಡೆಸಿದಂತೆ. ಅಡಿಯಲ್ಲಿ ಅರ್ಧ ಮೀಟರ್ ಅಂತರ ಉಳಿಸಿಕೊಂಡು ಹೋಗುವ ಭಾರದ ಹಡಗಿಗೆ ಅದು ಸಣ್ಣ ಮಾತಲ್ಲ. ತಿರುಗಾಮುರುಗಾ, ಅಂದರೆ ಹೊಸ ನಕ್ಷೆಗೆ ಹಳೆಯ ಲೆಕ್ಕದ ಮಟ್ಟ ಬೆರೆಸಿದರೆ, ನೀರು ಕಡಿಮೆ ಎಂದು ತೋರುತ್ತದೆ. ಸರಕು ಕಡಿಮೆ ತುಂಬಿದ ನಷ್ಟವಷ್ಟೇ, ಅಪಾಯವಿಲ್ಲ.

ಹಾಗಾಗಿ ನೀರಿನ ಮಟ್ಟ ಪ್ರಕಟಿಸುವ ಹವಾಮಾನ ಕಚೇರಿ, ಬಂದರು, ಹಡಗಿಗೆ ದಾರಿ ತೋರಿಸುವ ಪೈಲಟ್ ಸೇವೆ, ರೇಡಿಯೋ ಪ್ರಕಟಣೆ ಎಲ್ಲರೂ ಒಂದು ಅವಧಿಯವರೆಗೆ ಎರಡೂ ಸೊನ್ನೆಯ ಅಂಕಿಯನ್ನು ಹೆಸರು ಹೇಳಿ ಕೊಡಬೇಕು. ಬದಲಾಗುವ ತಾರೀಕನ್ನು ನಾವಿಕರ ಸೂಚನೆಗಳಲ್ಲಿ ತಿಂಗಳುಗಳ ಮುಂಚೆ ಹಾಕಬೇಕು. ಮೀನುಗಾರರಿಗೆ, ಸಣ್ಣ ದೋಣಿಯವರಿಗೆ ಅವರವರ ಭಾಷೆಯಲ್ಲಿ ಒಂದು ಪುಟದ ಹಾಳೆ ಹಂಚಬೇಕು, ಅವರಲ್ಲಿ ಹಲವರು ಹಳೆಯ ಕಾಗದದ ನಕ್ಷೆಯನ್ನೇ ನಂಬಿರುತ್ತಾರೆ.

ಡೆಕ್ಕಿನ ಮೇಲೆ ಕೆಲಸ ಮಾಡುವವರಿಗೆ ಒಂದು ಮಾತು. ಬಾಲ್ಟಿಕ್‌ಗೆ ಪ್ಯಾಸೇಜ್ ಪ್ಲಾನ್ ಮಾಡುವಾಗ ಮಾರ್ಗದಲ್ಲಿ ಬರುವ ಪ್ರತಿ ನಕ್ಷೆಯ ಡೇಟಮ್ ನೋಡಿ, ಪಕ್ಕದಲ್ಲೇ ಬರೆದಿಡಿ. ಬಂದರಿನವರು ನೀರಿನ ಮಟ್ಟ ಹೇಳಿದಾಗ 'ಯಾವ ಡೇಟಮ್ಮಿನಿಂದ?' ಎಂದು ಕೇಳಿ, ಉತ್ತರವನ್ನು ಲಾಗ್‌ನಲ್ಲಿ ಬರೆಯಿರಿ. ಪೈಲಟ್ ಹತ್ತಿದ ಕೂಡಲೇ ಅವರ ಲೆಕ್ಕವನ್ನೂ ನಿಮ್ಮದನ್ನೂ ತಾಳೆ ನೋಡಿ.

ಒಂಬತ್ತನೇ ಹೆಜ್ಜೆ: ಮತ್ತೆ ಯಾವಾಗ ಅಳೆಯುವುದು ಎಂದು ಈಗಲೇ ಬರೆಯಿರಿ

ನೆಲ ನಿಲ್ಲುವುದಿಲ್ಲ, ಸಮುದ್ರವೂ ಏರುತ್ತಿದೆ. 2000ದ ಇಸವಿಗೆ ಕಟ್ಟಿದ ಸೊನ್ನೆ ಒಂದು ದಿನ ಹಳತಾಗುತ್ತದೆ. ಇದನ್ನು ಮೊದಲೇ ಒಪ್ಪಿಕೊಂಡು ನಡೆದವರು ಅಮೆರಿಕ ಮತ್ತು ಕೆನಡಾ. ಅವರ ಮಹಾ ಸರೋವರಗಳಲ್ಲೂ ಹಿಮಯುಗದ ಹೊರೆ ಇಳಿದ ನೆಲ ಏಳುತ್ತಿದೆ, ಈಶಾನ್ಯದ ಕಡೆ ಹೆಚ್ಚು, ನೈಋತ್ಯದಲ್ಲಿ ಕಡಿಮೆ, ಹಾಗಾಗಿ ಸರೋವರಗಳ ಪಾತ್ರವೇ ನಿಧಾನವಾಗಿ ಓರೆಯಾಗುತ್ತಿದೆ. ಎರಡೂ ದೇಶಗಳು ಸೇರಿ 1955ರ ಇಸವಿಗೆ ಒಂದು ಸಮಾನ ಡೇಟಮ್ ಮಾಡಿದವು, ಕೆನಡಾದ ಸೇಂಟ್ ಲಾರೆನ್ಸ್ ನದೀಮುಖದ ಬಳಿ ಅದರ ಸೊನ್ನೆ. ಆಮೇಲೆ 1985ರ ಇಸವಿಗೆ ಎರಡನೆಯದು, ಅದು ಬಳಕೆಗೆ ಬಂದದ್ದು 1992ರ ಜನವರಿಯಲ್ಲಿ. ಅದರ ಲೆಕ್ಕದಲ್ಲಿ ನಕ್ಷೆಯ ಸೊನ್ನೆ ಸುಪೀರಿಯರ್ ಸರೋವರದಲ್ಲಿ 183.2 ಮೀಟರ್, ಒಂಟಾರಿಯೋದಲ್ಲಿ 74.2. ಈಗ 2020ರ ಇಸವಿಗೆ ಮೂರನೆಯದನ್ನು ಕಟ್ಟುತ್ತಿದ್ದಾರೆ, ಈ ಸಲ ಉಪಗ್ರಹ ಮತ್ತು ಜಿಯಾಯ್ಡ್ ಹಿಡಿದು. ಸುಮಾರು 25ರಿಂದ 30 ವರ್ಷಕ್ಕೊಮ್ಮೆ ಹೊಸದಾಗಿಸುವುದು ಅಲ್ಲಿಯ ಪದ್ಧತಿ.

ನಿಮ್ಮ ಒಪ್ಪಂದದಲ್ಲೂ ಇದು ಇರಲಿ: ಜಿಯಾಯ್ಡ್ ಮಾದರಿಯ ಮೂಲ ಕಡತ ಯಾವ ದೇಶದ ಯಾವ ಕಚೇರಿಯಲ್ಲಿ ಇರುತ್ತದೆ, ಅದಕ್ಕೆ ಆವೃತ್ತಿ ಸಂಖ್ಯೆ ಹಾಕುವವರು ಯಾರು, ಗಡಿಯ ಎರಡೂ ಕಡೆಯ ಯಾವ ಗೇಜುಗಳನ್ನು ಪ್ರತಿ ವರ್ಷ ತಾಳೆ ನೋಡಲಾಗುತ್ತದೆ, ಎಷ್ಟು ಸೆಂಟಿಮೀಟರ್ ವ್ಯತ್ಯಾಸ ಕಂಡರೆ ಎರಡೂ ಕಡೆಯ ತಂಡ ಕೂಡಲೇ ಸೇರಬೇಕು. ನೆಲ ಏಳುವ ವೇಗದ ಮಾದರಿಯನ್ನು ಜಿಯಾಯ್ಡ್ ಕಡತದ ಜೊತೆಗೇ ಪ್ರಕಟಿಸಿ. ಮೂವತ್ತು ವರ್ಷ ಕಳೆದು ಹೊಸ ತಂಡ ಲೆಕ್ಕಕ್ಕೆ ಕೂತಾಗ ಅವರಿಗೆ ಮೊದಲು ಬೇಕಾಗುವುದು ಅದೇ.